ಒತ್ತಕ್ಷರಕ್ಕಾಗಿ ಕೊಂಡ ಮಶೀನು

ನಮ್ಮ ಮೇಷ್ಟ್ರ ಎರಡೂ ಕೈಗಳ ಕಿರುಬೆರಳು ಹೊರಕ್ಕೆ ಬಾಗಿದ್ದವು. ವರ್ಷಗಟ್ಟಲೆ ಟೈಪ್‌ರೈಟರಿನ ಗಟ್ಟಿ ಕೀಲಿಗಳನ್ನು ಒತ್ತಿ ಒತ್ತಿ ಹಾಗಾಗಿತ್ತಂತೆ. ಊಟಕ್ಕೆ ಕೂತಾಗ ಉಳಿದ ಬೆರಳುಗಳು ರೊಟ್ಟಿ ಮುರಿಯುತ್ತಿದ್ದರೆ ಕಿರುಬೆರಳು ಮಾತ್ರ ದೂರ ನಿಂತು ನೋಡುತ್ತಿತ್ತು. ಉಗುರಿನ ಸಂದಿಯಲ್ಲಿ ಸದಾ ರಿಬ್ಬನ್ನಿನ ಮಸಿ; ದೀಪಾವಳಿಯ ಎಣ್ಣೆನೀರಿಗೂ ಅದು ಹೋಗುತ್ತಿರಲಿಲ್ಲ. ಸುಮ್ಮನೆ ಕೂತಾಗಲೂ ತೊಡೆಯ ಮೇಲೋ, ಬಸ್ಸಿನ ಸೀಟಿನ ಕಂಬಿಯ ಮೇಲೋ ಆ ಬೆರಳುಗಳು ಏನನ್ನಾದರೂ ಟೈಪು ಮಾಡುತ್ತಲೇ ಇರುತ್ತಿದ್ದವು. "ಏನು ಬರೀತಿದೀರಿ ಮೇಷ್ಟ್ರೆ?" ಎಂದು ಒಮ್ಮೆ ಕೇಳಿದ್ದೆ. "ಹಿಂದಿನ ಸೀಟಿನೋರು ಮಾತಾಡೋದನ್ನ," ಎಂದರು. ತಮಾಷೆಗೆ ಹೇಳಿದರೆಂದು ನಕ್ಕೆ. ಬಸ್ಸು ಇಳಿದ ಮೇಲೆ ಹಿಂದಿನ ಸೀಟಿನವರ ಮಗಳ ಮದುವೆ ಮಾತುಕತೆಯನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದರು.

ಹೊನ್ನಾಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ, ಮನೆಗೆ ಹೊಂದಿಕೊಂಡೇ, ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನ್ಯಾಮತಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲಿ ಟೈಪಿಂಗ್ ಕಲಿತೆ. ಕಲಿತ ಮೇಲೆ ಅಲ್ಲೇ ಕಲಿಸಲು ನಿಂತೆ. ಅವರಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ, ಊರು ಮಾತ್ರ ನೆನಪಿರುತ್ತಿತ್ತು. "ಸಾಸ್ವೆಹಳ್ಳಿ, ಬೆನ್ನು ನೆಟ್ಟಗೆ." "ಉಬ್ರಾಣಿ, ಹೆಬ್ಬೆರಳು ಎಲ್ಲೈತೆ?" ನಾನು "ನ್ಯಾಮ್ತಿ". ನ್ಯಾಮತಿಯಿಂದ ಇನ್ನೂ ನಾಲ್ಕು ಹುಡುಗಿಯರು ಬರುತ್ತಿದ್ದರು, ಅವರೆಲ್ಲ ಬರೀ "ಏನಮ್ಮ" ಆಗಿದ್ದರು. ನಮ್ಮೂರಿನ ಹೆಸರು ನನಗೊಬ್ಬಳಿಗೇ ಸಂದಿತ್ತೆಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಭಾನುವಾರ ಬಂತೆಂದರೆ ಎಣ್ಣೆ ಡಬ್ಬಿ, ಸಣ್ಣ ಅರ, ಕುಂಚಗಳ ಚೀಲ ಹೆಗಲಿಗೆ ಹಾಕಿಕೊಂಡು ಅವರು ಚನ್ನಗಿರಿಗೋ ಜಗಳೂರಿಗೋ ಟೈಪ್‌ರೈಟರ್ ರಿಪೇರಿಗೆ ಹೊರಡುತ್ತಿದ್ದರು. ಆಗ ನಮ್ಮದು ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಯಾವ ಜಿಲ್ಲೆಯ ಟೈಪ್‌ರೈಟರ್ ಆದರೂ ಬಿಚ್ಚಿದ ಕೂಡಲೇ ಮೊದಲು ನೋಡುತ್ತಿದ್ದದ್ದು ಒತ್ತಕ್ಷರದ ಅಚ್ಚನ್ನು. ಕನ್ನಡ ಟೈಪ್‌ರೈಟರಿನಲ್ಲಿ ಒತ್ತು ಅಕ್ಷರದ ಕೆಳಗೆ ಸರಿಯಾಗಿ ಕೂರುತ್ತಿರಲಿಲ್ಲ; ಪಕ್ಕಕ್ಕೆ ಜಾರಿ ಮುಂದಿನ ಅಕ್ಷರದ ಕಾಲು ತುಳಿಯುತ್ತಿತ್ತು. ಇವರು ಅಚ್ಚನ್ನು ಬಿಚ್ಚಿ, ಅರದಿಂದ ತಿಕ್ಕಿ, ಕೂದಲೆಳೆಯಷ್ಟು ಸರಿಸಿ ಮತ್ತೆ ಬೆಸುಗೆ ಹಾಕುತ್ತಿದ್ದರು. ಯಾರೂ ಕೇಳದ ರಿಪೇರಿ ಅದು. ಕಚೇರಿಯ ಗುಮಾಸ್ತರು "ಇದೇನ್ರಿ, ಓದಾಕೆ ಬಂದ್ರೆ ಸಾಕಲ್ವಾ?" ಅನ್ನುತ್ತಿದ್ದರು. ಮೇಷ್ಟ್ರು ಇನ್ನೊಂದು ಹಾಳೆ ಹಾಕಿ ನೋಡುತ್ತಿದ್ದರು.

ಕಲಿಸುವುದರಲ್ಲಿ ಅವರದು ಒಂದೇ ಹಟ. ಕಣ್ಣು ಪಕ್ಕದಲ್ಲಿಟ್ಟ ಮೂಲ ಕಾಗದ ಬಿಟ್ಟು ಅಲ್ಲಾಡಬಾರದು. ಕೀಲಿಗಳು ಕಾಣದಂತೆ ರಟ್ಟಿನದೊಂದು ಗೂಡು ಮಾಡಿ ಮುಚ್ಚುತ್ತಿದ್ದರು. ನಾವು ಅದರೊಳಗೆ ಕೈ ತೂರಿಸಿ ಒತ್ತಬೇಕು. ಅವರು ಮರದ ರೂಲರಿನಿಂದ ಮೇಜಿಗೆ ಕುಟ್ಟಿ ತಾಳ ಹಾಕುತ್ತಿದ್ದರು. "ಬೆರಳು ತನ್ನ ಕೆಲ್ಸ ತಾನು ನೋಡ್ಕಂತೈತೆ, ನೀನು ಕಾಗದ ನೋಡು," ಎಂಬುದು ದಿನಕ್ಕೆ ನೂರು ಸಲ ಬರುವ ಮಾತು. ಬೇರೆ ಕಡೆ ಕಲಿತವರು ಟೈಪು ಮಾಡುತ್ತ, ಹೊಡೆದದ್ದು ಹೇಗೆ ಮೂಡಿದೆ ಎಂದು ಹಾಳೆಯ ಕಡೆ ಕದ್ದು ನೋಡುತ್ತಾರೆ. ಹೊನ್ನಾಳಿಯಲ್ಲಿ ಕಲಿತವರು ಮನೆಗೆ ಬೆಂಕಿ ಬಿದ್ದರೂ ನೋಡುವುದಿಲ್ಲ ಎಂದು ನಮ್ಮನ್ನು ಆಡಿಕೊಳ್ಳುತ್ತಿದ್ದರು.

ಎಂಬತ್ತರ ದಶಕ ಅರ್ಧಕ್ಕೆ ಬರುವ ಹೊತ್ತಿಗೆ ದಾವಣಗೆರೆಯ ಒಂದು ಹೋಟೆಲಿನ ಹಾಲಿನಲ್ಲಿ ಕಂಪ್ಯೂಟರುಗಳ ಪ್ರದರ್ಶನ ಇಟ್ಟಿದ್ದರು. ಮೇಷ್ಟ್ರು ನನ್ನನ್ನೂ ಕರೆದುಕೊಂಡು ಹೋದರು. ಅಮ್ಮ, ಅಂದರೆ ಮೇಷ್ಟ್ರ ಹೆಂಡತಿ, ಜವಳಿ ಕೊಳ್ಳಲು ಜೊತೆಗೆ ಹೊರಟಿದ್ದರು. ಅವರಿದ್ದರೆಂದೇ ನಮ್ಮಪ್ಪ ನನ್ನನ್ನು ಕಳಿಸಿದ್ದು. ಹಾಲಿನಲ್ಲಿ ಎರಡು ಕಂಪನಿಯ ಮಶೀನುಗಳಿದ್ದವು. ಜನ ಆಟ ಆಡಿಸಿ ನೋಡುತ್ತಿದ್ದರು, ಲೆಕ್ಕ ಮಾಡಿಸಿ ನೋಡುತ್ತಿದ್ದರು. ಮೇಷ್ಟ್ರು ಜೇಬಿನಿಂದ ಒಂದು ಚೀಟಿ ತೆಗೆದರು. ಅದರಲ್ಲಿ 'ಸ್ತ್ರೀ' ಎಂದು ದೊಡ್ಡದಾಗಿ ಬರೆದಿತ್ತು.

"ಇದನ್ನ ಪರದೆ ಮ್ಯಾಲೆ ತೋರ್ಸಿ ನೋಡಾನ."

ಮೊದಲ ಮೇಜಿನ ಹುಡುಗ ನಕ್ಕ. ಆ ಮಶೀನಿನಲ್ಲಿ ಅಕ್ಷರಗಳೆಲ್ಲ ಒಳಗಿನ ಚಿಪ್ಪಿನಲ್ಲೇ ಕೊರೆದಿರುತ್ತವೆ, ಇಂಗ್ಲಿಷ್ ಬಿಟ್ಟು ಬೇರೆ ಬರುವುದಿಲ್ಲ ಎಂದ. "ಆದರೆ ಸಾರ್, ಬರೆದಿಟ್ಕೊಳ್ಳಿ, ನಾಳೆ ದೇಶದ ತುಂಬ ಇದೇ ಇರುತ್ತೆ," ಎಂದೂ ಹೇಳಿದ. ಎರಡನೆಯ ಮೇಜಿನವನು ಚೀಟಿಯನ್ನು ತಿರುಗಿಸಿ ನೋಡಿ, "ಇದರಲ್ಲಿ ಪರದೆಯ ಒಂದೊಂದು ಚುಕ್ಕೆಯೂ ನಿಮ್ಮ ಕೈಯಲ್ಲೇ ಇರುತ್ತೆ. ಗ್ರಾಫ್ ಹಾಳೆ ಮೇಲೆ ಬರೆದುಕೊಂಡು ಬಂದರೆ ಯಾವ ಅಕ್ಷರ ಬೇಕಾದರೂ ಬರಿಸಬಹುದು," ಎಂದ. ಮೇಷ್ಟ್ರಿಗೆ ಅಷ್ಟೇ ಬೇಕಿತ್ತು. ಆ ಎರಡನೆಯ ಮಶೀನಿನ ಒಳಗಿನ ಚಿಪ್ಪು ಬೇರೆ ಯಾರೂ ಬಳಸದ ಜಾತಿಯದು, ಕಂಪನಿಯೂ ಸಣ್ಣದು ಎಂಬುದನ್ನು ಅವನೇ ಬಾಯಿಬಿಟ್ಟು ಹೇಳಿದ. ಮೇಷ್ಟ್ರ ಕಿವಿ ಆಗಲೇ ಮುಚ್ಚಿತ್ತು.

"ಮೊದಲ್ನೇದು ದೇಶದ ತುಂಬ ಬರ್ತೈತಂತಲ್ಲ ಮೇಷ್ಟ್ರೆ," ಎಂದೆ, ಬಸ್ಸಿಗೆ ಕಾಯುತ್ತ.

"ಬರ್ಲಿ. 'ಸ್ತ್ರೀ' ಬರಲ್ವಲ್ಲ."

ಎರಡು ಒಳ್ಳೆಯ ಟೈಪ್‌ರೈಟರುಗಳನ್ನು ಮಾರಿ ಮಶೀನು ತಂದರು. ನೋಡಲು ಚಪ್ಪಟೆಯಾದ ಕೀಲಿಮಣೆ ಅಷ್ಟೇ. ಅದಕ್ಕೊಂದು ಹಳೆಯ ಕಪ್ಪುಬಿಳುಪು ಟೀವಿ, ಹಾಡು ಕೇಳುವ ಕ್ಯಾಸೆಟ್ ಪ್ಲೇಯರು ಜೋಡಿಸಬೇಕು; ಬರೆದದ್ದು ಉಳಿಯುತ್ತಿದ್ದದ್ದು ಕ್ಯಾಸೆಟ್ಟಿನಲ್ಲೇ. ಆನ್ ಮಾಡಿದರೆ ಇಂಗ್ಲಿಷಿನಲ್ಲಿ ಏನೋ ಹೇಳಿ, ಇಂಗ್ಲಿಷಿನಲ್ಲೇ ಉತ್ತರಕ್ಕೆ ಕಾದು ಕೂರುತ್ತಿತ್ತು. ಮೇಷ್ಟ್ರಿಗೆ ಅದು ಸರಿಬರಲಿಲ್ಲ. ಮನೆಗೆ ಯಾರೇ ಬರಲಿ, ಮೊದಲು ಪಡಸಾಲೆಗೆ ಬಂದು ಕೂರುತ್ತಾರೆ. ಅಲ್ಲಿಂದ ಮುಂದೆ ಯಾರು ಅಡುಗೆಮನೆಗೆ ಹೋಗಬೇಕು, ಯಾರು ಕೋಣೆಗೆ ಹೋಗಬೇಕು ಎನ್ನುವುದು ತೀರ್ಮಾನವಾಗುತ್ತದೆ. ಈ ಮಶೀನಿಗೆ ಅಂಥ ಒಂದು ಪಡಸಾಲೆ ಕಟ್ಟಬೇಕು, ಅದು ಕನ್ನಡದಲ್ಲಿರಬೇಕು, ಇಂಗ್ಲಿಷಿನ ಗಂಧ ಇಲ್ಲದವರೂ ಬಂದು ಕೂತು ಕಾಗದ ಬರೆದು, ಇಟ್ಟು, ಮತ್ತೆ ತೆಗೆಯುವಂತಿರಬೇಕು ಎಂದರು. ಹೀಗೆ ಅದಕ್ಕೆ 'ಪಡಸಾಲೆ' ಎಂದೇ ಹೆಸರಾಯಿತು. ಇಂಥದ್ದಕ್ಕೆ ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರೆಂದು ಗೊತ್ತಾದದ್ದು ಆಮೇಲೆ.

ಪಡಸಾಲೆಗೆ ನಮ್ಮ ಕಡೆಯ ನಡವಳಿಕೆ ಕಲಿಸಿದ್ದೂ ಮೇಷ್ಟ್ರೇ. ನಾವು ಮಶೀನಿಗೆ 'ತೆಗೆ', 'ಇಡು' ಎನ್ನಬಹುದು. ಮಶೀನು ಮಾತ್ರ ನಮಗೆ 'ಹೇಳಿರಿ' ಎಂದೇ ಕೇಳಬೇಕು. ತಪ್ಪು ಒತ್ತಿದರೆ 'ತಿಳಿಯಲಿಲ್ಲರೀ, ಇನ್ನೊಮ್ಮೆ ಹೇಳಿರಿ' ಎಂದು ಬರಬೇಕು. ಒಂದೊಂದು ಅಕ್ಷರಕ್ಕೂ ಒಳಗೆ ಜಾಗ ಹಿಡಿಯುತ್ತದೆ, ಆ 'ರೀ' ಬಿಟ್ಟರೆ ಒಂದಿಷ್ಟು ಉಳಿಯುತ್ತದೆ ಎಂದು ನಾನು ವಾದಿಸಿದ್ದೆ. "ಮರ್ಯಾದಿಗೆ ಜಾಗ ಇಲ್ಲದ ಮನೆ ಎಂಥ ಮನೆ, ಕಟ್ಟಾಕೆ ಹೋಗಬಾರ್ದು," ಎಂದು ನನ್ನ ಬಾಯಿ ಮುಚ್ಚಿಸಿದರು.

ಕೆಲಸ ಹಂಚಿಕೊಂಡೆವು. ಅಕ್ಷರಗಳು ಅವರವು. ಗ್ರಾಫ್ ಹಾಳೆಯ ಮೇಲೆ ಚುಕ್ಕೆಯ ಪಕ್ಕ ಚುಕ್ಕೆ ಇಟ್ಟು ಒಂದೊಂದು ಒತ್ತಿಗೂ ವಾರಗಟ್ಟಲೆ ಕೂರುತ್ತಿದ್ದರು. ಪಡಸಾಲೆಯ ಒಳಗಿನ ನಡೆ ನನ್ನದು. ಮಶೀನಿಗೆ ಅರ್ಥವಾಗುವುದು ಸೊನ್ನೆಯಿಂದ ಒಂಬತ್ತು, ಎ ಇಂದ ಎಫ್ ವರೆಗಿನ ಹದಿನಾರು ಗುರುತು ಮಾತ್ರ. 'ಇಷ್ಟು ಮನೆ ಹಿಂದಕ್ಕೆ ಜಿಗಿ', 'ಇಷ್ಟು ಮನೆ ಮುಂದಕ್ಕೆ ಜಿಗಿ' ಎಂಬುದನ್ನೂ ಅದರಲ್ಲೇ ಹೇಳಬೇಕು. ಒಂದೊಂದು ಜೋಡಿ ಗುರುತು ಕೂರುವ ಆ ಮನೆಗಳನ್ನು ಎಣಿಸುವುದರಲ್ಲಿ ಮೇಷ್ಟ್ರು ತಪ್ಪುತ್ತಿದ್ದರು. ನಾನು ತಪ್ಪುತ್ತಿರಲಿಲ್ಲ. ನನ್ನಲ್ಲಿ ಅಂಥ ಬುದ್ಧಿಯೊಂದಿದೆ ಎಂದು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ.

ಬರೆದದ್ದನ್ನು ಮಶೀನಿಗೆ ತುಂಬಿಸುತ್ತಿದ್ದದ್ದು ಮಾತ್ರ ಅಪ್ಪಟ ಟೈಪಿಂಗ್ ಇನ್‌ಸ್ಟಿಟ್ಯೂಟಿನ ರೀತಿಯಲ್ಲಿ. ಕೀಲಿಮಣೆಯ ಮೇಲೆ ರಟ್ಟಿನ ಗೂಡು. ಟೀವಿಯ ಮುಖ ಗೋಡೆಯ ಕಡೆಗೆ, ಏಕೆಂದರೆ ಪರದೆ ಕಂಡರೆ ಕಣ್ಣು ಓಡುತ್ತದೆ, ಕಣ್ಣು ಓಡಿದರೆ ವೇಗ ಬೀಳುತ್ತದೆ. ಮೇಷ್ಟ್ರು ಓದುತ್ತಿದ್ದರು: "ಮೂರು ಇ, ಸೊನ್ನೆ ಒಂದು, ಸಿ ಡಿ." ನಾನು ಒತ್ತುತ್ತಿದ್ದೆ. ಒಂದು ಮಧ್ಯಾಹ್ನ ಮೂರು ಪುಟ ಪೂರ್ತಿ, ಒಂದೇ ಒಂದು ತಪ್ಪಿಲ್ಲದೆ ಒತ್ತಿದೆ. ಇಬ್ಬರಿಗೂ ಬಹಳ ಖುಷಿಯಾಗಿತ್ತು. ಟೀವಿ ತಿರುಗಿಸಿ ನೋಡಿದರೆ ಪರದೆ ನಾಲ್ಕನೆಯ ಸಾಲಿನಲ್ಲಿ ಕಲ್ಲಾಗಿ ನಿಂತಿತ್ತು. ವೋಲ್ಟೇಜ್ ಇಳಿದಾಗ ಮಶೀನು ಕೈಕೊಟ್ಟಿತ್ತು. ಆಮೇಲೆ ಒಂದು ಗಂಟೆ ನಾನು ಒತ್ತಿದ್ದೆಲ್ಲ ಯಾರೂ ಕೇಳದ ಮಾತಾಗಿತ್ತು. ಕಂಪ್ಯೂಟರ್ ಕಲಿತ ಯಾರಿಗಾದರೂ ಹೇಳಿದರೆ ನಗುತ್ತಾರೆ, ಪರದೆ ನೋಡದೆ ಯಾರಾದರೂ ಕೆಲಸ ಮಾಡುತ್ತಾರೆಯೇ ಎಂದು. ನಾವು ಮಾಡಿದ್ದೆವು.

ಮೇಷ್ಟ್ರು ಬೈಯಲಿಲ್ಲ. ಗಡ್ಡ ಕೆರೆದುಕೊಂಡು, "ಮಶೀನ್ ಕೇಳ್ತೈತೋ ಇಲ್ಲೋ ಅಂತ ಬೆರಳಿಗೆ ಗೊತ್ತಾಗಂಗೆ ಮಾಡ್ಬೇಕು," ಎಂದರು. ಪರದೆಯನ್ನು ನಮ್ಮ ಕಡೆ ತಿರುಗಿಸಿಕೊಂಡರೆ ಮುಗಿಯುತ್ತಿತ್ತು. ಅದು ಇಬ್ಬರಿಗೂ ಹೊಳೆಯಲೇ ಇಲ್ಲ. ಹದಿನೈದು ದಿನ ತಲೆ ಕೆಡಿಸಿಕೊಂಡು, ಕೀಲಿ ಒತ್ತಿದಾಗಲೆಲ್ಲ ಟೀವಿಯೊಳಗಿಂದ ಟೈಪ್‌ರೈಟರಿನಂತೆ 'ಟಕ್' ಎಂಬ ಸದ್ದು ಬರುವ ಹಾಗೆ ಮಾಡಿದೆವು. ಸಾಲು ಮುಗಿದರೆ ಗಂಟೆ. ಸದ್ದು ನಿಂತಿತೆಂದರೆ ಮಶೀನು ಕೇಳುತ್ತಿಲ್ಲ ಎಂದರ್ಥ. ಆ ಟಕ್ ಮೊದಲ ಸಲ ಕೇಳಿದಾಗ ಅಮ್ಮ ಅಡುಗೆಮನೆಯಿಂದ ಬಂದು, ಮಾರಿದ ಟೈಪ್‌ರೈಟರ್ ವಾಪಸ್ ಬಂತೇ ಎಂದು ಕೇಳಿದರು.

ಹೀಗಿರುವಾಗ ಒಂದು ಶ್ರಾವಣದಲ್ಲಿ ನನಗೆ ಸರ್ಕಾರಿ ಕೆಲಸದ ಆರ್ಡರ್ ಬಂತು. ಜಗಳೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟ್. ಪರೀಕ್ಷೆ ಬರೆದು ಎರಡು ವರ್ಷ ಕಾದಿದ್ದೆ. ವಯಸ್ಸಿನ ಮಿತಿ ದಾಟಲು ಕೆಲವೇ ತಿಂಗಳುಗಳಿದ್ದವು. ಇದನ್ನು ಬಿಟ್ಟರೆ ಇನ್ನೊಂದಕ್ಕೆ ಅರ್ಜಿ ಹಾಕುವಂತಿರಲಿಲ್ಲ. ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದರು. ನಾನು ಆರ್ಡರ್ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋದೆ. ಅವರು ಅದನ್ನು ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ ಓದಿದರು. ಯಾವ ಟೈಪ್‌ರೈಟರಿನಲ್ಲಿ ಹೊಡೆದದ್ದೆಂದೂ ಅವರಿಗೆ ತಿಳಿದಿರಬೇಕು.

"ಸೇರಾಕೆ ಎಷ್ಟು ದಿನ ಕೊಟ್ಟಾರೆ?"

"ಮೂವತ್ತು ದಿನ ಮೇಷ್ಟ್ರೆ."

"ನಾನು ಒಂದು ಮಾತು ಹೇಳ್ತೀನಿ, ಬ್ಯಾಡ ಅಂದ್ರೆ ಬಿಡು. ಒತ್ತಿನ ಕೆಲ್ಸ ಅರ್ಧ ಆಗೈತೆ. ಇನ್ನೊಂದು ವರ್ಷಕ್ಕೆ ಈ ಮಶೀನು ತಾಲ್ಲೂಕಿಗೆ ಹತ್ತು ಬರ್ತಾವೆ. ಹತ್ತರಾಗೂ ನೀನು ಕಟ್ಟಿದ್ದೇ ಓಡ್ತೈತೆ. ಅದನ್ನ ಕಲಿಸಾಕೆ ನಿನ್ನ ಬಿಟ್ರೆ ಯಾರವ್ರೆ? ಜಗಳೂರಾಗೆ ಕುಂತು ಇನ್ನೊಬ್ರು ಬರ್ದಿದ್ದನ್ನ ಹೊಡೀತಿಯೋ, ಇಲ್ಲಿ ಕುಂತು ನಿಂದೇ ಮಾಡ್ತಿಯೋ."

ನಾನು ಆರ್ಡರನ್ನು ಹೋಗಗೊಟ್ಟೆ. ಅಪ್ಪ ಮೂರು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ತಟ್ಟೆಯನ್ನು ನನ್ನ ಮುಂದೆ ತಳ್ಳುತ್ತಿದ್ದರು, ಅಷ್ಟೇ. ನನಗೆ ಬೇಜಾರಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ದಿನಾ ಬೆಳಿಗ್ಗೆ ನ್ಯಾಮತಿಯಲ್ಲಿ ಬಸ್ಸು ಹತ್ತುವಾಗ, ಇವರಿಗೆಲ್ಲ ಒಂದು ದಿನ ತಿಳಿಯುತ್ತದೆ ಎಂಬ ಠೇಂಕಾರ ಇತ್ತು. ಆ ಠೇಂಕಾರದ ಮೇಲೆಯೇ ಐದು ತಿಂಗಳು ಕೆಲಸ ಮಾಡಿದೆ. ಪಡಸಾಲೆ ಮುಗಿಯಿತು. 'ಸ್ತ್ರೀ' ಪರದೆಯ ಮೇಲೆ ಬಂದ ದಿನ ಮೇಷ್ಟ್ರು ಟೀವಿಯನ್ನು ನಮ್ಮ ಕಡೆ ತಿರುಗಿಸಿ ಇಟ್ಟು, ಅದನ್ನೇ ನೋಡುತ್ತ, ಆ ಬ್ಯಾಚಿಗೆ ಬಂದವರನ್ನೆಲ್ಲ ಮನೆಗೆ ಕಳಿಸಿಬಿಟ್ಟರು. ಒತ್ತುಗಳು ಒಂದರ ಕೆಳಗೆ ಒಂದು, ಎಲ್ಲಿ ಕೂರಬೇಕೋ ಅಲ್ಲೇ ಕೂತಿದ್ದವು.

ಸಂಕ್ರಾಂತಿ ಕಳೆದ ಮೇಲೆ ಪಡಸಾಲೆಯ ಕ್ಯಾಸೆಟ್ಟು ತೆಗೆದುಕೊಂಡು ನಾನೊಬ್ಬಳೇ ಚನ್ನಗಿರಿಗೆ ಹೋದೆ. ಮೇಷ್ಟ್ರಿಗೆ ಹೇಳಿರಲಿಲ್ಲ. ಅಲ್ಲಿ ಒಬ್ಬ ಸಾಹೇಬರು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಹಿಂದಿನ ವರ್ಷ ನಮ್ಮ ಮಶೀನನ್ನು ನೋಡಿ ಮೆಚ್ಚಿ, ತಾವೂ ಅದನ್ನೇ ತರಿಸುವುದಾಗಿ ಹೇಳಿಹೋಗಿದ್ದರು. ಅವರ ಮಶೀನಿನಲ್ಲಿ ಪಡಸಾಲೆ ಹಾಕಿ ತೋರಿಸಿ, ಆ ಸುದ್ದಿಯನ್ನು ಮೇಷ್ಟ್ರಿಗೆ ತಂದು ಕೊಡಬೇಕೆಂಬ ಆಸೆ ನನ್ನದು. ಸಾಹೇಬರು ಪ್ರೀತಿಯಿಂದ ಒಳಗೆ ಕರೆದು ಚಹಾ ತರಿಸಿದರು. ಮೂಲೆಯಲ್ಲಿ ಬಟ್ಟೆ ಹೊದಿಸಿದ್ದ ಮಶೀನನ್ನು ತೋರಿಸಿದರು. ಬಟ್ಟೆ ಎತ್ತಿದರೆ ದಾವಣಗೆರೆಯ ಮೊದಲ ಮೇಜಿನ ಮಶೀನು.

"ನಮ್ಮದನ್ನೇ ತಗಂತೀನಿ ಅಂದಿದ್ರಲ್ಲ ಸಾಹೇಬ್ರೆ."

"ಅಂದಿದ್ದೆ ಬೇಟಿ. ನಿಮ್ಮ ಮೇಷ್ಟ್ರೇ ಬ್ಯಾಡ ಅಂದ್ರು. ಇಲ್ಲೇ ಬಂದು ಕುಂತು, ಕಂಪನಿ ಕಾಗದ ತೋರ್ಸಿದ್ರು. ಆ ಮಶೀನ್ ಮಾಡೋದು ಬಂದ್ ಮಾಡ್ತಾರಂತೆ, ಅದರ ಚಿಪ್ಪೂ ಬರಾಕಿಲ್ಲಂತೆ. 'ನೀವು ಹೊಸದಾಗಿ ಕೈ ಹಾಕಬ್ಯಾಡ್ರಿ ಸಾಹೇಬ್ರೆ, ಮುಳುಗ್ತೀರಿ' ಅಂದ್ರು. ದೊಡ್ಡ ಮನ್ಸ ಅವ್ರದು. ಬ್ಯಾರೆಯೋರಾಗಿದ್ರೆ ಬಾಯಿ ಬಿಡ್ತಿರಲಿಲ್ಲ."

"ಯಾವಾಗ ಬಂದಿದ್ರು?"

"ಹೋದ ಯುಗಾದಿ. ಬೇವುಬೆಲ್ಲ ತಂದಿದ್ರಲ್ಲ, ಅದಕ್ಕೆ ನೆನಪೈತೆ. ನಿಂಗೆ ಹೇಳಿರಬೇಕಲ್ವಾ?"

ಚಹಾ ಹಾಗೇ ಬಿಟ್ಟು ಎದ್ದೆ. ಸಾಸ್ವೆಹಳ್ಳಿ ದಾಟುವವರೆಗೂ ಬಸ್ಸಿನಲ್ಲಿ ಒಂದೇ ಲೆಕ್ಕ ಹಾಕುತ್ತಿದ್ದೆ. ಯುಗಾದಿ ಮೊದಲು, ಶ್ರಾವಣ ಆಮೇಲೆ. ಯಾವ ಕಡೆಯಿಂದ ಎಣಿಸಿದರೂ ಯುಗಾದಿಯೇ ಮೊದಲು ಬರುತ್ತಿತ್ತು. ತಾಲ್ಲೂಕಿಗೆ ಹತ್ತು ಮಶೀನು ಬರುತ್ತವೆ ಎಂದು ನನ್ನ ಮುಖ ನೋಡಿಕೊಂಡು ಹೇಳುವಾಗ, ಅಂಥ ಇನ್ನೊಂದು ಮಶೀನೂ ಲೋಕದಲ್ಲಿ ಹುಟ್ಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಇನ್‌ಸ್ಟಿಟ್ಯೂಟಿಗೆ ಬಂದಾಗ ನಾಲ್ಕು ಗಂಟೆಯ ಬ್ಯಾಚು ನಡೆದಿತ್ತು. ಆರು ಟೈಪ್‌ರೈಟರುಗಳ ಸದ್ದಿನ ನಡುವೆ ಮೇಷ್ಟ್ರು ರೂಲರಿನಿಂದ ತಾಳ ಹಾಕುತ್ತಿದ್ದರು. ನಾನು ಹತ್ತಿರ ಹೋಗಿ, "ಕಂಪನಿ ಕಾಗದ ಬಂದಿತ್ತಾ?" ಎಂದೆ. ಅವರ ಕೈ ಒಂದು ಏಟು ತಪ್ಪಿತು. ಹುಡುಗಿಯರಲ್ಲಿ ಒಬ್ಬಳೂ ತಲೆಯೆತ್ತಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದರು. "ಕ್ಲಾಸು ಮುಗೀಲಿ," ಎಂದು ಮತ್ತೆ ಕುಟ್ಟತೊಡಗಿದರು. ನಾನು ಗೋಡೆಗೆ ಒರಗಿ ಪೂರ್ತಿ ಅರ್ಧ ಗಂಟೆ ನಿಂತೆ.

ಎಲ್ಲರೂ ಮೆಟ್ಟಿಲು ಇಳಿದ ಮೇಲೆ, "ಬಂದಿತ್ತು," ಎಂದರು.

"ಯುಗಾದಿಗೆ ಮುಂಚೆ."

"ಹೂಂ."

"ಸಾಹೇಬ್ರಿಗೆ ಹೇಳಾಕೆ ಚನ್ನಗಿರಿಗೆ ಹೋದ್ರಿ. ನಾನು ಇಲ್ಲೇ ನಿಮ್ಮ ಪಕ್ಕದಾಗೆ ಕುಂತಿದ್ದೆ."

"ಅವ್ರು ಮನೆಮಂದಿ ದುಡಿದಿದ್ದನ್ನ ಹಾಕಾಕೆ ಹೊರಟಿದ್ರು. ನೋಡ್ಕಂಡು ಸುಮ್ನಿರಾಕೆ ಆಗ್ಲಿಲ್ಲ."

"ನಾನು ಹಾಕಿದ್ದನ್ನ ನೋಡ್ಕಂಡು ಸುಮ್ನಿದ್ರಲ್ಲ."

ಅವರು ರೂಲರನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಟ್ಟರು. "ನಿಂಗೆ ಹೇಳಿದ್ರೆ ನೀನು ಜಗಳೂರಿಗೆ ಹೋಗ್ತಿದ್ದೆ," ಎಂದರು. "ನೀನು ಹೋದ್ರೆ ಅದು ಅಲ್ಲಿಗೇ ನಿಲ್ತಿತ್ತು."

"ನಿಂತ್ರೆ ನಿಲ್ಲಲಿ. ನಂದು ವಯಸ್ಸು ದಾಟೋಯ್ತು ಮೇಷ್ಟ್ರೆ. ಇನ್ನು ಯಾವ ಆರ್ಡರೂ ಬರಲ್ಲ."

"ಒತ್ತು ಎಷ್ಟು ಚೆಂದ ಬಂದಿತ್ತಲ್ಲ, ನ್ಯಾಮ್ತಿ," ಎಂದರು.

ಅದು ಕ್ಷಮೆ ಕೇಳುವ ದನಿಯಲ್ಲ. ಇಬ್ಬರೂ ಸೇರಿ ಏನೋ ಒಳ್ಳೆಯದನ್ನು ನೋಡಿದ್ದೆವಲ್ಲ ಎಂದು ನೆನಪಿಸುವ ದನಿ. ಅವತ್ತು ಒಂದು ಗಂಟೆ ಕೆಟ್ಟ ಮಶೀನಿಗೆ ಟೈಪು ಮಾಡಿದ್ದಕ್ಕೆ ನಕ್ಕಿದ್ದೆವು. ಈ ಸಲ ಮಶೀನು ಕೇಳುತ್ತಿಲ್ಲ ಎಂಬುದು ಓದಿ ಹೇಳುತ್ತಿದ್ದ ಮೇಷ್ಟ್ರಿಗೆ ಗೊತ್ತಿತ್ತು, ಆದರೂ ಓದುತ್ತಲೇ ಹೋಗಿದ್ದರು. ಮೋಸ ಮಾಡಿದಿರಿ ಎಂದೆ. ಅವರು ಇಲ್ಲ ಅನ್ನಲಿಲ್ಲ. ಇಲ್ಲ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಆಮೇಲೆ ತಣ್ಣಗೆ ಯೋಚಿಸಿದಾಗ ಸಿಟ್ಟು ಇನ್ನೂ ಹೆಚ್ಚಾಯಿತು. ಕಾಗದ ಬಂದ ದಿನವೇ ಹೇಳಿದ್ದರೆ, ಅಲ್ಲಿಂದ ಸಂಕ್ರಾಂತಿಯೊಳಗೆ ಪಡಸಾಲೆಯನ್ನು ಸಾಹೇಬರ ಮಶೀನಿಗೆ ಬದಲಾಯಿಸಲು ಕೈ ಹಚ್ಚಬಹುದಿತ್ತು. ಅದರ ಚಿಪ್ಪು ಬೇರೆ, ನಮ್ಮ ಒಂದು ಸಾಲೂ ಅದರಲ್ಲಿ ಓಡುತ್ತಿರಲಿಲ್ಲ, ಎಲ್ಲ ಮೊದಲಿನಿಂದ ಬರೆಯಬೇಕಿತ್ತು, ನಿಜ. ಚುಕ್ಕೆ ಬಿಡಿಸುವ ಒಂದು ಕಾರ್ಡು ಹಾಕಿದರೆ ಅದರಲ್ಲೂ ಕನ್ನಡ ಬರುತ್ತದೆಂದು ಎರಡು ವರ್ಷದೊಳಗೆ ಎಲ್ಲರಿಗೂ ತಿಳಿಯಿತು. ಮೇಷ್ಟ್ರು ಅದನ್ನು ಕಾಯಲೂ ಇಲ್ಲ, ಹುಡುಕಲೂ ಇಲ್ಲ. ಒಂದು ಅಕ್ಷರ ನೋಡಿ ಮಶೀನು ಆರಿಸಿದರು, ಆ ಮಶೀನಿನ ಜೊತೆಗೇ ಪಡಸಾಲೆಯನ್ನೂ ಹೂತರು. ನನ್ನನ್ನು ಅದಕ್ಕೆ ಮಣ್ಣು ಹಾಕಲು ಇಟ್ಟುಕೊಂಡರು.

ಮರುದಿನದಿಂದ ಹೊನ್ನಾಳಿಗೆ ಹೋಗಲಿಲ್ಲ. ಜಗಳೂರಿನಲ್ಲಿ ಯಾರೋ ಹೊಸದಾಗಿ ತೆಗೆದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಸೇರಿಕೊಂಡೆ. ನಾನು ಸೇರಬೇಕಿದ್ದ ಕಚೇರಿಯ ಮುಂದೆಯೇ ದಿನಾ ನಡೆದು ಹೋಗಬೇಕಿತ್ತು. ಒಳಗೆ ನನ್ನ ಜಾಗದಲ್ಲಿ ಕೂತವಳ ಟೈಪಿಂಗ್ ಸದ್ದು ರಸ್ತೆಗೆ ಕೇಳುತ್ತಿತ್ತು. ತಾಳ ಇರಲಿಲ್ಲ ಅವಳಿಗೆ. ಕೇಂದ್ರದಲ್ಲಿದ್ದದ್ದು ದೇಶದ ತುಂಬ ಬಂದ ಆ ಮಶೀನೇ. ಒಂದು ವಾರದಲ್ಲಿ ಕಲಿತೆ. ಅಲ್ಲಿಗೆ ಬರುತ್ತಿದ್ದ ಡಿಪ್ಲೊಮಾ ಓದಿದ ಹುಡುಗರು ತಿಂಗಳುಗಟ್ಟಲೆ ಒದ್ದಾಡುತ್ತಿದ್ದದ್ದು ನನಗೆ ನೋಡಿದ ಕೂಡಲೇ ತಿಳಿಯುತ್ತಿತ್ತು. ಮಶೀನು ಒಳಗೆ ಹೇಗೆ ಯೋಚಿಸುತ್ತದೆ ಎಂಬುದನ್ನು ನನ್ನ ತಲೆಗೆ ಹಾಕಿದವರು ಯಾರೆಂದು ಅವರೆಲ್ಲ ಕೇಳುತ್ತಿದ್ದರು. ಹೊನ್ನಾಳಿಯಲ್ಲಿ ಕಲಿತೆ ಎನ್ನುತ್ತಿದ್ದೆ, ಅಷ್ಟೇ. ನನ್ನ ಅನ್ನ ಆ ವಿದ್ಯೆಯಿಂದಲೇ ಬಂತು, ಇವತ್ತಿನವರೆಗೂ. ಇದನ್ನು ಹೇಳದಿದ್ದರೆ ನಾನೂ ಮುಚ್ಚಿಟ್ಟಂತಾಗುತ್ತದೆ.

ನಾಲ್ಕು ವರ್ಷ ಅವರ ಮುಖ ನೋಡಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅಮ್ಮ ಒಂದು ಕಾರ್ಡು ಬರೆದರು. ಮೇಷ್ಟ್ರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿವೆ, ನಿನ್ನನ್ನು ಕೇಳುತ್ತಾರೆ ಎಂದಿತ್ತು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿಗೆ ಹೋಗುವವರೆಗೂ ನಾನು ಒಂದೇ ವಿಷಯ ಗಟ್ಟಿ ಮಾಡಿಕೊಂಡೆ. ಅವರ ಬಾಯಿಂದ 'ತಪ್ಪು ನಂದು' ಎಂಬ ಎರಡು ಪದ ಕೇಳಬೇಕು. ಹಣ್ಣು ಕೊಟ್ಟು, ಹೇಗಿದ್ದೀರಿ ಎಂದು ಕೇಳಿ, ನೇರವಾಗಿ ಅದನ್ನೇ ಕೇಳಬೇಕು. ಅದನ್ನು ಕೇಳಿಸಿಕೊಳ್ಳದೆ ಎದ್ದು ಬರಬಾರದು.

ಅವರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಶೀನು ಯಾವಾಗಲೋ ಕೆಟ್ಟಿತ್ತಂತೆ. ಕಂಪನಿ ಮುಚ್ಚಿತ್ತು, ಚಿಪ್ಪು ಎಲ್ಲೂ ಸಿಗಲಿಲ್ಲವಂತೆ. ಪಡಸಾಲೆಯ ಅಷ್ಟೂ ಹಾಳೆಗಳನ್ನು ಟೈಪು ಮಾಡಿಸಿ, ಕಚೇರಿಯ ಕಡತದಂತೆ ಕೆಂಪು ಟೇಪಿನಿಂದ ಕಟ್ಟಿ ಪಕ್ಕದಲ್ಲಿ ಇಟ್ಟುಕೊಂಡಿದ್ದರು.

"ಬಂದ್ಯಾ ನ್ಯಾಮ್ತಿ," ಎಂದರು. ಮಾತು ಸ್ವಲ್ಪ ತೊದಲುತ್ತಿತ್ತು. "ಕುಂತ್ಕ. ಅದನ್ನ ಬಿಚ್ಚು. ಒತ್ತು ಅಳಿಸೋ ಕಡೆ ಒಂದು ತಪ್ಪೈತೆ. ಒತ್ತು ಅಳಿಸಿದ್ರೆ ಮ್ಯಾಲಿನ ಅಕ್ಷರ ಜರುಗ್ತಿತ್ತು, ನೆನಪೈತಾ? ನಾಲ್ಕು ವರ್ಷದಿಂದ ಹುಡುಕ್ತಿದೀನಿ, ಸಿಗವಲ್ದು."

"ಮಶೀನೇ ಇಲ್ವಲ್ಲ ಮೇಷ್ಟ್ರೆ. ತಿದ್ದಿದ್ರೂ ಎಲ್ಲಿ ಓಡ್ಸೋದು?"

"ನೀನು ಓದು. ನಾನು ಮಶೀನು."

ಓದಿದೆ. ಹಣ್ಣಿನ ಚೀಲ ಇನ್ನೂ ಕೈಯಲ್ಲೇ ಇತ್ತು, ಅದನ್ನು ಕೆಳಗಿಟ್ಟೆ. ಅವರು ಕಣ್ಣು ಮುಚ್ಚಿಕೊಂಡು, ಎಡಗೈಯ ಗೆಣ್ಣುಗಳ ಮೇಲೆ ಎಣಿಸುತ್ತ, "ಆಯ್ತು. ಮುಂದೆ. ಈಗ ನನ್ನ ಕೈಯಾಗೆ ಏಳೈತೆ. ಮುಂದೆ," ಎನ್ನುತ್ತಿದ್ದರು. ಒಂದು ಪುಟ, ಎರಡು ಪುಟ, ಮತ್ತೆ ಮೊದಲಿನಿಂದ. ಅಮ್ಮ ಚಹಾ ತಂದಿಟ್ಟು ಹೋದದ್ದು ತಿಳಿಯಲಿಲ್ಲ. ಮೂರನೆಯ ಸಲ ಓದುವಾಗ ಒಂದು ಜಿಗಿತದ ಹತ್ತಿರ ನನ್ನ ದನಿ ತಾನೇ ನಿಂತಿತು. ಮನೆಗಳನ್ನು ಬೆರಳಿಟ್ಟು ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಹದಿಮೂರು ಮನೆ ಹಿಂದಕ್ಕೆ ಜಿಗಿಯಬೇಕಿತ್ತು, ಹನ್ನೆರಡು ಎಂದು ಬರೆದಿತ್ತು. ಎಣಿಸಿದವಳು ನಾನು. ಆ ಮಶೀನಿನಲ್ಲಿ ನಾನು ತಪ್ಪುವುದೇ ಇಲ್ಲ ಎಂದು ಬೀಗಿದ್ದವಳು.

"ಸಿಕ್ತಾ?" ಎಂದರು, ಕಣ್ಣು ಬಿಡದೆ.

"ಸಿಕ್ತು ಮೇಷ್ಟ್ರೆ. ತಪ್ಪು ನಂದು."

"ತಿದ್ದು," ಎಂದರು.

ತಿದ್ದಿದೆ. ಮೂಲೆಯಲ್ಲಿದ್ದ ಟೈಪ್‌ರೈಟರಿನಲ್ಲಿ ಒಂದು ಚೀಟಿ ಹೊಡೆದು ಆ ಸಾಲಿನ ಮೇಲೆ ಅಂಟಿಸಿದೆ. ಅವರು ಮತ್ತೆ ಓದಿಸಿದರು, ಮತ್ತೆ ಮಶೀನಾದರು, ಕೊನೆಗೆ ತಲೆಯಾಡಿಸಿ ನಕ್ಕರು. ಲೋಕದಲ್ಲಿ ಎಲ್ಲೂ ಓಡದ ಪ್ರೋಗ್ರಾಮು ಅಂದು ಪೂರ್ತಿ ಸರಿಯಾಯಿತು. ಎರಡೂವರೆ ಗಂಟೆ ಕಳೆದಿತ್ತು. ಅಷ್ಟು ಸುಖವಾಗಿ ನಾನು ಕೆಲಸ ಮಾಡಿದ್ದು ಆ ನಾಲ್ಕು ವರ್ಷದಲ್ಲಿ ಇನ್ನೊಮ್ಮೆ ಇಲ್ಲ, ಆಮೇಲೂ ಇಲ್ಲ. ಸಂಜೆಯ ಬಸ್ಸು ತಪ್ಪುತ್ತದೆಂದು ಅಮ್ಮನೇ ಎಬ್ಬಿಸಿ ಕಳಿಸಿದರು.

ಬಸ್ಸು ಹರಿಹರದ ಹತ್ತಿರ ಬಂದಿದ್ದಾಗ ನನಗೆ ನೆನಪಾಯಿತು, ಕೇಳಬೇಕೆಂದು ಹೋದದ್ದನ್ನು ಕೇಳಲೇ ಇಲ್ಲ ಎಂದು. ಮುಂದಿನ ಭಾನುವಾರ ಮತ್ತೆ ಹೋಗಿ ಕೇಳಿಯೇ ತೀರಬೇಕೆಂದುಕೊಂಡೆ. ಗುರುವಾರ ಅವರು ತೀರಿಕೊಂಡ ಸುದ್ದಿ ಬಂತು. ಆ ಎರಡು ಪದಗಳನ್ನು ನಮ್ಮಿಬ್ಬರಲ್ಲಿ ಆಡಿದವಳು ನಾನೊಬ್ಬಳೇ.